ಹಕ್ಕಿಗಳಿಗೊಂದು ಕೀರ್ದಿ ಪುಸ್ತಕ

ನಮ್ಮ ಊರುಗಳ ಯಾವ ಅಂಗಡಿಕಾರನೂ ಕೀರ್ದಿ ಬರೆಯದೆ ರಾತ್ರಿ ಬಾಗಿಲು ಹಾಕುವುದಿಲ್ಲ. ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂಬುದು ಅವನಿಗೆ ತಿಳಿದಿರಲೇಬೇಕು. ತಿಳಿಯದವನು ದಿವಾಳಿಯಾದಾಗಲೂ ತಾನು ಯಾವಾಗ ದಿವಾಳಿಯಾದೆ ಎಂಬುದನ್ನು ಹೇಳಲಾರ. ನಮ್ಮ ಕರಾವಳಿಯ ಹಕ್ಕಿಗಳ ಮಟ್ಟಿಗೆ ನಾವೆಲ್ಲರೂ ಇಂಥ ಕೀರ್ದಿಯಿಲ್ಲದ ಅಂಗಡಿಕಾರರು ಎಂಬುದೇ ಈ ಲೇಖನದ ಅಭಿಪ್ರಾಯ. ಈ ಮಾತು ನನಗೆ ಹೊಳೆದದ್ದು ಪುಸ್ತಕದಿಂದಲ್ಲ, ಕಾಲು ಕೆಸರು ಮಾಡಿಕೊಂಡು.

ಫೆಬ್ರವರಿ ಕೊನೆಯ ಒಂದು ಶನಿವಾರ ನಾವು ನಾಲ್ವರು ವಿದ್ಯಾರ್ಥಿಗಳು, ನಮ್ಮ ಇತಿಹಾಸದ ಅಧ್ಯಾಪಕರೊಡನೆ, ಎರಡು ದಿನದ ಹಕ್ಕಿ ನೋಟಕ್ಕೆಂದು ಹೊರಟೆವು. ನಮ್ಮಲ್ಲಿದ್ದದ್ದು ಬೇಡಿ ತಂದ ಒಂದು ದುರ್ಬೀನು, ಅವಲಕ್ಕಿಯ ಒಂದು ಪೊಟ್ಟಣ, ಮತ್ತು ಬೇಕಾದಷ್ಟು ಉತ್ಸಾಹ. ಭಟ್ಕಳ ಬಂದರದಲ್ಲಿ ಬೆಳಗಾಯಿತು. ದೋಣಿಗಳು ಮೀನು ಇಳಿಸುತ್ತಿದ್ದವು. ಗರುಡಗಳು ಅವುಗಳ ಮೇಲೆ ತಿರುಗುತ್ತಿದ್ದವು. ಮುರ್ಡೇಶ್ವರದ ದಂಡೆಯಲ್ಲಿ ನಿಂತಾಗ ದೂರದಲ್ಲಿ ನೇತ್ರಾಣಿ ದ್ವೀಪ ಮಂಜಿನೊಳಗೆ ಮಸುಕಾಗಿ ಕಂಡಿತು. ಬಿಳಿ ಹೊಟ್ಟೆಯ ಕಡಲ ಹದ್ದುಗಳು ಆ ದ್ವೀಪದ ಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ. ಅಂಥ ಒಂದು ಹದ್ದು ನಮ್ಮ ತಲೆಯ ಮೇಲೆಯೇ ರೆಕ್ಕೆ ಅಲುಗಿಸದೆ ತೇಲಿಹೋಯಿತು. ನಾವು ‘ಆಹಾ’ ಎಂದೆವು. ಯಾರೂ ಬರೆದುಕೊಳ್ಳಲಿಲ್ಲ.

ಮಧ್ಯಾಹ್ನದ ಬಸ್ಸಿನಲ್ಲಿ ಹೊನ್ನಾವರದ ಕಡೆ ಬಂದು ಶರಾವತಿಯ ಮುಖದ ಬಳಿ ಕಾಸರಕೋಡಿನಲ್ಲಿ ಇಳಿದಾಗ ಅಳಿವೆಯ ತುಂಬ ನೀರೇ ನೀರು, ಹಕ್ಕಿಯ ಸುಳಿವಿಲ್ಲ. “ಇಲ್ಲಿ ಏನೂ ಉಳಿದಿಲ್ಲ, ಎಲ್ಲ ಹಾಳಾಯಿತು” ಎಂದು ನಾನು ಪಂಡಿತನಂತೆ ತೀರ್ಪು ಕೊಟ್ಟೆ. ಹತ್ತಿರದಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬರು ನಕ್ಕುಬಿಟ್ಟರು. “ಈಗ ಎಂತ ನೋಡ್ತ್ರಿ ತಮಾ? ನೀರು ಇಳಿದ ಮೇಲೆ ಬನ್ನಿ. ಅವಕ್ಕೂ ಊಟದ ಹೊತ್ತು ಅಂತ ಇಲ್ವಾ?”

ಸಂಜೆ ಐದಕ್ಕೆ ನೀರಿಳಿಯಿತು. ಬಯಲಾದ ಕೆಸರಿನ ಮೇಲೆ ಗೊರವಗಳು, ಪುಟ್ಟ ಮರಳುಹಕ್ಕಿಗಳು ಎಲ್ಲಿಂದಲೋ ಬಂದು ಇಳಿದವು. ಕಡಲಕ್ಕಿಗಳ ದೊಡ್ಡ ಗುಂಪೊಂದು ಮರಳ ದಿಬ್ಬದ ಮೇಲೆ ಸಾಲಾಗಿ ಕುಳಿತಿತು. ಚಳಿಗಾಲದಲ್ಲಿ ಬಿಳಿಯಾಗಿದ್ದ ಅವುಗಳ ತಲೆ ಆಗಲೇ ಕಂದಾಗತೊಡಗಿತ್ತು. ಟಿಬೆಟ್ ಕಡೆಯ ಎತ್ತರದ ಸರೋವರಗಳಿಗೆ ಮರಳಿ ಮರಿ ಮಾಡುವ ಕಾಲ ಬಂತೆಂಬುದಕ್ಕೆ ಅದೇ ಗುರುತು. ಉಬ್ಬರವಿಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ ಎಂಬುದನ್ನು ಅರಿಯದೆ ಗಡಿಯಾರ ನೋಡಿ ಬಂದ ನನ್ನ ತೀರ್ಪು ಐದು ತಾಸು ಕೂಡ ಬಾಳಲಿಲ್ಲ.

ಭಾನುವಾರ ಮುಂಜಾನೆ ಇಳಿತದ ಹೊತ್ತಿಗೆ ಸರಿಯಾಗಿ ಕುಮಟಾ ತಾಲೂಕಿನ ಅಘನಾಶಿನಿಯನ್ನು ಮುಟ್ಟಿದೆವು. ಮೊಣಕಾಲುದ್ದ ನೀರಿನಲ್ಲಿ ಹೆಂಗಸರೂ ಗಂಡಸರೂ ಬೆಳಚು ಆಯುತ್ತಿದ್ದರು. ಅವರಿಂದ ಹತ್ತು ಮಾರು ದೂರದಲ್ಲಿ ಕುಡುಗೋಲಿನಂತೆ ಬಾಗಿದ ಕೊಕ್ಕಿನ ಹಕ್ಕಿಗಳು ಅದೇ ಕೆಸರಿನಲ್ಲಿ ತಮ್ಮ ಪಾಲು ಹುಡುಕುತ್ತಿದ್ದವು. ಒಂದೇ ಪಂಕ್ತಿಯ ಊಟ!

ಮಾಣಿಕಟ್ಟೆಯ ಗಜನಿ ಗದ್ದೆಗಳ ಕಟ್ಟೆಯ ಮೇಲೆ ಒಬ್ಬ ಅಜ್ಜ ಸಿಕ್ಕರು. ಉಪ್ಪುನೀರನ್ನು ತಾಳುವ ಕಗ್ಗ ಭತ್ತವನ್ನು ಬೆಳೆದು ಬಾಳಿದವರು. ತೆನೆ ತಿನ್ನುವ ಹಕ್ಕಿಗಳನ್ನು ಓಡಿಸಿ ಓಡಿಸಿ ಸಾಕಾದವರೇ ಹೊರತು ಹಕ್ಕಿಗಳ ಭಕ್ತರಲ್ಲ. ಆದರೂ ಅವರೆಂದರು: “ಆಗ ಎಷ್ಟು ಹಕ್ಕಿ ಅಂತೀರಿ! ಗದ್ದೆಗೆ ಗದ್ದೆಯೇ ಬೆಳ್ಳಗಾಗ್ತಿತ್ತು.”

“ಎಷ್ಟಿದ್ದವು ಅಜ್ಜಾ?” ಎಂದೆ.

“ಎಣಿಸಿದವರು ಯಾರು?” ಎಂದರು.

ಈ ಪ್ರಶ್ನೆ ನನ್ನನ್ನು ಚುಚ್ಚಿತು. ಏಕೆಂದರೆ ಹಿಂದಿನ ವರ್ಷವೂ ನಾನು ಇದೇ ಕಟ್ಟೆಯ ಮೇಲೆ ನಿಂತಿದ್ದೆ. ಆಗಿನದಕ್ಕಿಂತ ಈ ಸಲ ಹಕ್ಕಿ ಹೆಚ್ಚೋ ಕಡಿಮೆಯೋ ಎಂದು ಅಧ್ಯಾಪಕರು ಕೇಳಿದರೆ ನನ್ನಲ್ಲಿ ಉತ್ತರವಿರಲಿಲ್ಲ. ಅಜ್ಜನಿಗಾದರೂ ನೆನಪಿತ್ತು, ನನಗೆ ಅದೂ ಇರಲಿಲ್ಲ.

ಇದರಿಂದೇನು ನಷ್ಟ ಎಂದು ಯಾರಾದರೂ ಕೇಳಬಹುದು. ನಷ್ಟವಿದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ವಿದ್ಯುದಾಗಾರಗಳಿಂದ ಬೇಸಗೆಯಲ್ಲಿಯೂ ಸಿಹಿನೀರು ಇಳಿದು ಬರುವುದರಿಂದ ಅದರ ಅಳಿವೆಯ ಉಪ್ಪಿನಂಶ ಮೊದಲಿನಂತೆ ಉಳಿಯಲಿಲ್ಲ. ಅಘನಾಶಿನಿಗಾದರೋ ದೊಡ್ಡ ಅಣೆಕಟ್ಟಿಲ್ಲ. ಒಂದೇ ಕಡಲು, ಒಂದೇ ಮಳೆ, ಅಕ್ಕಪಕ್ಕದ ಎರಡು ಅಳಿವೆಗಳು. ಒಂದು ಕಟ್ಟಿದ್ದು, ಒಂದು ಕಟ್ಟದ್ದು. ಹಕ್ಕಿಗಳು ಯಾವುದನ್ನು ಹೆಚ್ಚು ಮೆಚ್ಚುತ್ತವೆಂದು ವರ್ಷವರ್ಷವೂ ಎಣಿಸಿದ್ದರೆ ಅದು ಎಂಥ ಪಾಠವಾಗುತ್ತಿತ್ತು! 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರು ರಾಮ್ಸಾರ್ ಪಟ್ಟಿಗೆ ಸೇರಿ ಜಗತ್ತಿನ ಮುಖ್ಯ ಜೌಗುನೆಲಗಳಲ್ಲಿ ಒಂದೆನಿಸಿತು. ಸಂತೋಷವೇ. ಆದರೆ ನಾಳೆ ಬಂದರೋ, ಸಿಗಡಿ ಕೆರೆಯೋ, ಮತ್ತೊಂದು ಯೋಜನೆಯೋ ಬಂದು “ಇಲ್ಲಿ ಹಕ್ಕಿ ಎಲ್ಲಿದ್ದವು?” ಎಂದು ಕೇಳಿದರೆ, ಬೇಕೆನ್ನುವವರೂ ಬೇಡವೆನ್ನುವವರೂ ಗಂಟಲಿನ ಬಲದಿಂದಲೇ ವಾದಿಸಬೇಕಾಗುತ್ತದೆ. ಲೆಕ್ಕವಿದ್ದರೆ ಇಬ್ಬರೂ ಸತ್ಯಕ್ಕೆ ತಲೆಬಾಗಬೇಕು.

ಇದು ವಿಜ್ಞಾನದವರ ಕೆಲಸ, ಕಲಾ ವಿದ್ಯಾರ್ಥಿಗಳಿಗೇಕೆ ಎಂಬುದು ಇನ್ನೊಂದು ಮಾತು. ಭಟ್ಕಳದ ಬಸದಿಗಳ ಶಾಸನಗಳನ್ನು ನಾವು ಏಕೆ ಓದುತ್ತೇವೆ? ಯಾರೋ ಪುಣ್ಯಾತ್ಮರು ಇಂಥ ಕಾಲದಲ್ಲಿ, ಇಂಥ ಸ್ಥಳದಲ್ಲಿ, ಇಷ್ಟು ದತ್ತಿ ಎಂದು ಬರೆಸಿಟ್ಟದ್ದರಿಂದಲ್ಲವೇ? ಹಕ್ಕಿಯ ಲೆಕ್ಕವೂ ಅಂಥದೇ ಶಾಸನ. ಆಂಗ್ಲರ ಕಾಲದಲ್ಲಿ ಈ ಜಿಲ್ಲೆಯಲ್ಲಿ ಅಧಿಕಾರಿಯಾಗಿದ್ದ ಡೇವಿಡ್ಸನ್ ಎಂಬುವರು ಉತ್ತರ ಕನ್ನಡದ ಹಕ್ಕಿಗಳ ವಿಷಯವಾಗಿ ಮುಂಬಯಿಯ ನಿಸರ್ಗ ಚರಿತ್ರೆ ಸಂಘದ ಪತ್ರಿಕೆಯಲ್ಲಿ 1898ರಲ್ಲಿಯೇ ಬರೆದರು. ಕಚೇರಿಯ ಕಾಗದಗಳ ನಡುವೆ ಹೊರಗಿನವರೊಬ್ಬರಿಗೆ ಸಿಕ್ಕಿದ ಪುರುಸೊತ್ತು ಇಲ್ಲಿಯೇ ಹುಟ್ಟಿ ಬೆಳೆದ ನಮಗೆ ಸಿಗದಿರುವುದು ನಾಚಿಕೆಯ ವಿಷಯವಲ್ಲವೇ? ಕಿಸೆಯ ಮೊಬೈಲಿನಲ್ಲಿ ಚಿತ್ರ ಹಿಡಿದರೆ ಸಾಲದೇ ಎನ್ನುವ ಮಿತ್ರರೂ ಇದ್ದಾರೆ. ಚಿತ್ರದಲ್ಲಿ ಇದ್ದ ಹಕ್ಕಿ ಬರುತ್ತದೆ. ಬಾರದೇ ಹೋದ ಹಕ್ಕಿ ಬರುವುದಿಲ್ಲ. ಅದು ಕಾಣುವುದು ಕೀರ್ದಿಯಲ್ಲಿ ಮಾತ್ರ.

ಆದುದರಿಂದ ನನ್ನ ಸಲಹೆ ಇಷ್ಟೆ. ನಮ್ಮ ಕಾಲೇಜಿನ ವಾಚನಾಲಯದಲ್ಲಿ ಒಂದು ದಪ್ಪ ಪುಸ್ತಕವಿರಲಿ. ಪ್ರತಿ ವರ್ಷ ಫೆಬ್ರವರಿ ಕೊನೆಯ ಶನಿವಾರ, ಭಾನುವಾರ, ಶರಾವತಿ ಮತ್ತು ಅಘನಾಶಿನಿಗಳ ಅದೇ ಎರಡು ಜಾಗಗಳಲ್ಲಿ, ನೀರಿಳಿದ ಹೊತ್ತಿನಲ್ಲಿ, ಒಂದೊಂದು ತಾಸು ಎಣಿಸಿ ಬರೆಯೋಣ. ದಿನ, ವೇಳೆ, ಜಾಗ, ಎಣಿಸಿದವರ ಹೆಸರು ಇಷ್ಟಿರಲಿ. ಹೆಸರು ತಿಳಿಯದ ಹಕ್ಕಿಗೆ ಅಲ್ಲಿಯ ಮೀನುಗಾರರು ಏನೆನ್ನುತ್ತಾರೆಂದು ಕೇಳಿ ಅದನ್ನೂ ಬರೆಯೋಣ. ಅನಂತರ ಬೇಕಾದರೆ ಅದೇ ಲೆಕ್ಕವನ್ನು ಇ-ಬರ್ಡ್ ಜಾಲತಾಣಕ್ಕೂ ಕೊಡಬಹುದು. ತಪ್ಪಾದೀತೆಂದು ಅಂಜಬೇಕಾಗಿಲ್ಲ. ಆ ಭಾನುವಾರ ನಾವು ಕೊನೆಗೂ ಎಣಿಸಿದೆವು. ಮೂವರ ಲೆಕ್ಕ ಮೂರು ರೀತಿ ಬಂತು. ಮೂರನ್ನೂ ಬರೆದಿಟ್ಟೆವು. ಏನೂ ಇಲ್ಲದ್ದಕ್ಕಿಂತ ಮೂರು ಲೆಕ್ಕ ಲೇಸು.

ನಾನು ಬರುವ ವರ್ಷ ಈ ಕಾಲೇಜಿನಲ್ಲಿರುವುದಿಲ್ಲ. ಅವಲಕ್ಕಿಯ ಪೊಟ್ಟಣದ ಕಾಗದದ ಮೇಲೆ ಬರೆದ ಆ ಮೊದಲ ಪುಟವನ್ನು ಅಧ್ಯಾಪಕರ ಕೈಗೆ ಕೊಟ್ಟಿದ್ದೇನೆ. ಎರಡನೆಯ ಪುಟವನ್ನು ಬರೆಯುವವರು, ಪ್ರಿಯ ವಾಚಕರೇ, ನಿಮ್ಮಲ್ಲಿಯೇ ಯಾರಾದರೂ ಆಗಬೇಕು.