ಬಾಗಿಲಿಲ್ಲದ ಮನೆಗಳ ಭಯ

ಮೂರು ದಶಕಗಳ ಹಿಂದೆ ನಮ್ಮ ಊರುಗಳ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದುದು ಹಲವರಿಗೆ ನೆನಪಿರಬಹುದು. ರಾತ್ರಿ ಹೊತ್ತು ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕೂಗುವ ದೆವ್ವ ಅದನ್ನು ಓದಿಕೊಂಡು ಹಿಂದಿರುಗುತ್ತದೆ ಎಂದು ಜನ ನಂಬಿದ್ದರು. ಹೆದರಿಕೆ ಸಣ್ಣದೇನಲ್ಲ. ಆದರೂ ಬರೆಯುವುದಕ್ಕೆ ಬಾಗಿಲೊಂದು ಇತ್ತು.

ಉತ್ತರ ಪ್ರದೇಶದ ಮೂಡಣ ಹಳ್ಳಿಗಳ ಎಷ್ಟೋ ಗುಡಿಸಲುಗಳಿಗೆ ಅದೂ ಇರಲಿಲ್ಲ. 1996ರಲ್ಲಿ ಜೌನ್‌ಪುರ, ಪ್ರತಾಪಗಢ, ಸುಲ್ತಾನ್‌ಪುರ ಜಿಲ್ಲೆಗಳಲ್ಲಿ ರಾತ್ರಿ ಮಲಗಿದ್ದ ಮಕ್ಕಳು ಒಂದೊಂದಾಗಿ ಬಲಿಯಾದವು. ಅರ್ಧ ಮನುಷ್ಯ, ಅರ್ಧ ಮೃಗವಾದ ‘ಮನಾಯಿ’ ಬಂದಿದೆ ಎಂಬ ಸುದ್ದಿ ಹಬ್ಬಿತು. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯ ವೈ.ವಿ. ಝಾಲಾ ಮತ್ತು ದಿನೇಶ್ ಕುಮಾರ್ ಶರ್ಮಾ ಅಧ್ಯಯನ ನಡೆಸಿ, ಇದು ತೋಳದ ದಾಳಿ ಎಂದರು. ಆದರೆ ಹಳ್ಳಿಗರು ‘ಮನಾಯಿ’ ಎಂದು ಅಪರಿಚಿತರನ್ನು ಹಿಡಿದು ಹೊಡೆದು ಕೊಂದಿದ್ದರು. ಆ ತಾಯಂದಿರ ಭಯ ಸುಳ್ಳಲ್ಲ, ಮಕ್ಕಳು ಸತ್ತದ್ದು ನಿಜ. ಸುಳ್ಳಾದದ್ದು ಗುರಿ.

ಆರು ವರ್ಷದ ಬಳಿಕ ಅದೇ ಸೀಮೆಗೆ ‘ಮುಹ್‌ನೋಚ್ವಾ’ ಬಂತು, ಮುಖ ಪರಚುವಂಥದ್ದು. ಅದು 2002, ಬರದ ವರ್ಷ. ಜುಲೈ ತಿಂಗಳಲ್ಲಿ ದೇಶಕ್ಕೆ ವಾಡಿಕೆಯ ಅರ್ಧದಷ್ಟೂ ಮಳೆಯಾಗಲಿಲ್ಲ. ಸೆಕೆಗೆ ಬಯಲಲ್ಲಿ ಮಲಗಿದವರು, ಮಿನುಗುವ ಬೆಳಕೊಂದು ಹಾರಿಬಂದು ಪರಚಿತು ಎಂದರು. ಮಿರ್ಜಾಪುರದ ಪೊಲೀಸರು ಹುಳುವೆಂದರು, ಐಐಟಿ ಕಾನ್ಪುರದವರು ಚೆಂಡುಮಿಂಚು ಇರಬಹುದೆಂದರು. ಆಡಳಿತ ಒಂದು ಮಾತಿಗೆ ನಿಲ್ಲಲಿಲ್ಲ, ಅದು ಜನರ ದಿಗಿಲನ್ನು ಇನ್ನಷ್ಟು ಕೆದಕಿತು ಎಂಬುದು ನನ್ನ ಎಣಿಕೆ. ಪ್ರಾಣಿ ಸಿಗಲೇ ಇಲ್ಲ. ಸೀತಾಪುರ ಜಿಲ್ಲೆಯಲ್ಲಿ ರೊಚ್ಚಿಗೆದ್ದ ಗುಂಪಿನ ಮೇಲೆ ಪೊಲೀಸರು ಗುಂಡು ಹಾರಿಸಿ ಒಬ್ಬರು ಸತ್ತರು.

ಹಳ್ಳಿಗರು ಮೂಢರು ಎಂದು ಪಟ್ಟಣದಲ್ಲಿ ಕೂತು ಹೇಳುವವರಿದ್ದಾರೆ. 2001ರಲ್ಲಿ ದೆಹಲಿಯೇ ‘ಕೋತಿ ಮನುಷ್ಯ’ನಿಗೆ ಹೆದರಿ ನಿದ್ದೆಗೆಟ್ಟಿತ್ತಲ್ಲ! 2018ರ ಜುಲೈನಲ್ಲಿ ನಮ್ಮದೇ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು, ಮಕ್ಕಳ ಕಳ್ಳನೆಂದು ಹೈದರಾಬಾದಿನ ಯುವಕನೊಬ್ಬನನ್ನು ಕೊಂದಿತು. ಓದಿದವರ ಕೈಯ ಮೊಬೈಲೇ ಅಲ್ಲಿ ಕೊಳ್ಳಿಯಾಯಿತು.

2024ರಲ್ಲಿ ಬಹರಾಯಿಚ್ ಜಿಲ್ಲೆಯಲ್ಲಿ ತೋಳಗಳು ಮತ್ತೆ ಮಕ್ಕಳ ಮೇಲೆ ಬಿದ್ದವು. ಈ ಸಲ ಆಡಳಿತ ಬಾಗಿಲಿಲ್ಲದ ಮನೆಗಳಿಗೆ ಬಾಗಿಲು ಕೂಡಿಸಲು ಹೊರಟಿತು. ಇಷ್ಟು ವರ್ಷಗಳಲ್ಲಿ ನಾನು ಕೇಳಿದ ಅತ್ಯಂತ ವಿವೇಕದ ಕೆಲಸ ಅದು. ಬೀದಿದೀಪ, ಶೌಚಾಲಯ ಕೂಡ ಅದೇ ಸಾಲಿಗೆ ಸೇರಬೇಕು.

ಏಕೆಂದರೆ 2017ರ ಆಗಸ್ಟ್‌ನಲ್ಲಿ, ಜಡೆ ಕತ್ತರಿಸುವ ಮಾಟಗಾತಿಯ ಗುಲ್ಲೆದ್ದಾಗ, ಆಗ್ರಾ ಬಳಿಯ ಹಳ್ಳಿಯೊಂದರಲ್ಲಿ ಜನ ಹೊಡೆದು ಕೊಂದ ದಲಿತ ವೃದ್ಧೆ, ನಸುಕಿನ ಕತ್ತಲಲ್ಲಿ ಬಹಿರ್ದೆಸೆಗೆ ಹೋಗಿ ದಾರಿ ತಪ್ಪಿದ್ದರು.