ವರ್ಣನೆ ಸಾಲದು

ಈಚೆಗೆ ಬೆಂಗಳೂರಿನ ಒಂದು ಸಾಹಿತ್ಯಗೋಷ್ಠಿಯಲ್ಲಿ ಹಿರಿಯ ವಿಮರ್ಶಕರೊಬ್ಬರು, "ಕಾಡಿನೊಳಗಿನ ಹಳ್ಳಿಗಳನ್ನಾದರೂ ಅವುಗಳ ಪಾಡಿಗೆ ಬಿಡೋಣ, ರಸ್ತೆ, ವಿದ್ಯುತ್ತು, ಶಾಲೆಗಳಿಂದ ಅವುಗಳ ಸೊಬಗನ್ನು ಕೆಡಿಸುವುದು ಬೇಡ" ಎಂದು ಅಪ್ಪಣೆ ಕೊಡಿಸಿದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆನೆಂದು ಒಪ್ಪಿಕೊಳ್ಳಬೇಕು. ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ಆ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ತಪ್ಪು ಆ ಹಿರಿಯರೊಬ್ಬರದೇ ಅಲ್ಲ. ಕನ್ನಡ ಓದಿದ ನಮಗೆಲ್ಲ ಕಾಡಿನ ಹಳ್ಳಿ ಎಂದರೆ ಮಲೆನಾಡು: ಮುಗಿಲು ಮುಟ್ಟುವ ಮರ, ಬಿಡದೆ ಸುರಿಯುವ ಮಳೆ, ಅಂಗಳದ ಕೆಳಗೆ ಹರಿಯುವ ಹೊಳೆ. ಕಾರಂತರೂ ಕುವೆಂಪು ಅವರೂ ಆ ಲೋಕವನ್ನು ಕಟ್ಟಿಕೊಟ್ಟರು. ಆದರೆ ಅವರು ಬರೆದುದನ್ನು ನಾವು ಅರ್ಧ ಮಾತ್ರ ಓದಿದೆವು. ೧೯೪೩ರ 'ಬೆಟ್ಟದ ಜೀವ'ದಲ್ಲಿ ನಮಗೆ ನೆನಪಿರುವುದು ಕಾಡನ್ನು ತೋಟ ಮಾಡಿದ ಗೋಪಾಲಯ್ಯನವರ ಉತ್ಸಾಹ ಮತ್ತು ಆತಿಥ್ಯ. ಮನೆ ಬಿಟ್ಟು ಹೋದ ಮಗನಿಗಾಗಿ ಆ ವೃದ್ಧ ದಂಪತಿಗಳು ಕಾಯುತ್ತಿದ್ದರು ಎಂಬುದನ್ನು ನಾವು ಕಣ್ಣೀರೊರೆಸಿಕೊಂಡು ಮರೆತೆವು. ಎಳೆಯರಿಗೆ ಅಲ್ಲಿ ಬದುಕಲು ದಾರಿಯುಂಟೇ ಎಂಬ ಪ್ರಶ್ನೆ ಆ ಕಾದಂಬರಿಯಲ್ಲೇ ಇದೆ. ನಾವು ಅದನ್ನು ಪರೀಕ್ಷೆಗೆ ಕೇಳಲಿಲ್ಲ.

ಮಲೆನಾಡಿಗಾದರೂ ಕಾದಂಬರಿಗಳುಂಟು, ನಮ್ಮ ಬಯಲುಸೀಮೆಯ ಒಣಗಾಡಿಗೆ ಅದೂ ಇಲ್ಲ. ಮಾಗಡಿಯಿಂದ ಹತ್ತು ಹನ್ನೆರಡು ಕಿಲೋಮೀಟರು ಹೋದರೆ ಸಾವನದುರ್ಗ. ಸಮುದ್ರಮಟ್ಟದಿಂದ ೧,೨೨೬ ಮೀಟರು ಎತ್ತರದ ಬಂಡೆ, ಕರಿಗುಡ್ಡ ಬಿಳಿಗುಡ್ಡ ಎಂದು ಎರಡು ಶಿಖರ, ಬುಡದಲ್ಲಿ ವೀರಭದ್ರ, ನರಸಿಂಹರ ಗುಡಿಗಳು, ಸುತ್ತ ಕಾಡು, ಪೂರ್ವಕ್ಕೆ ಅರ್ಕಾವತಿ ನದಿ, ಮಂಚನಬೆಲೆ ಜಲಾಶಯ. ಬೆಂಗಳೂರಿನಿಂದ ಅರವತ್ತು ಕಿಲೋಮೀಟರಿನಷ್ಟು ದಾರಿ. ಜಿಲ್ಲೆಗೆ ೨೦೨೫ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರೂ ಬಂದಿದೆ. ಆದರೂ ಈ ಕಾಡಂಚಿನ ದೊಡ್ಡಿಗಳನ್ನು ನಾವು 'ದೂರದ ಊರು' ಎನ್ನುತ್ತೇವೆ. ಯಾರಿಗೆ ದೂರ, ಸ್ವಾಮಿ? ಭಾನುವಾರ ಬೆಳಗ್ಗೆ ಬೆಟ್ಟ ಹತ್ತುವವರಿಗೆ ಎರಡು ಗಂಟೆಯ ಹಾದಿ. ಬಸುರಿ ಹೆಂಗಸನ್ನು ಆಸ್ಪತ್ರೆಗೆ ಸಾಗಿಸಬೇಕಾದವನಿಗೆ ಮಾತ್ರ ಅದು ದೂರ. ಈ ದೂರವನ್ನು ಅಳೆಯಬೇಕಾದುದು ಮೈಲಿಗಲ್ಲಿನಿಂದಲ್ಲ.

ಹೊರಗಿನವರು ಈ ಬೆಟ್ಟವನ್ನು ನೋಡಿದ ಬಗೆಯೇ ವಿಚಿತ್ರ. ೧೭೨೮ರಲ್ಲಿ ಮೈಸೂರಿನ ದಳವಾಯಿ ಇದನ್ನು ಮಾಗಡಿಯ ಗೌಡರಿಂದ ಗೆದ್ದುಕೊಂಡಾಗ ಇದು ಕೋಟೆ. ೧೭೯೧ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನವರಿಂದ ಕಸಿದುಕೊಂಡಾಗ ಇದು ಸಾವಿನ ದುರ್ಗ. ೧೯೮೪ರಲ್ಲಿ ತೆರೆಕಂಡ ಡೇವಿಡ್ ಲೀನನ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರಕ್ಕೆ ಇದು ಬಿಹಾರದ ಕಡೆಯ ನಿಗೂಢ ಗುಹೆಗಳ ಬೆಟ್ಟವಾಯಿತು. ಈಗ ಚಾರಣದ ತಾಣ. ಕೆಳಗೆ ಒಲೆ ಹೊತ್ತಿಸಿಕೊಂಡು ಬಾಳುವ ಜನರಿದ್ದಾರೆಂಬುದು ಯಾರ ಕಣ್ಣಿಗೂ ಬೀಳಲಿಲ್ಲ.

ನದಿಯ ಕಥೆಯನ್ನೂ ಕೇಳಿ. ನಂದಿಬೆಟ್ಟದ ಕಡೆ ಹುಟ್ಟುವ ಅರ್ಕಾವತಿಯನ್ನು ಬೆಂಗಳೂರು ೧೮೯೪ರಲ್ಲಿ ಹೆಸರಘಟ್ಟದಲ್ಲಿ ತಡೆದು ಕುಡಿಯಿತು. ಸಾಲದೆ ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಮತ್ತೊಮ್ಮೆ ತಡೆಯಿತು. ೧೯೭೪ರಲ್ಲಿ ಕಾವೇರಿ ಬಂದ ಮೇಲೆ ಹಳೆಯ ಹೊಳೆಯ ನೆನಪು ಮಾಸಿತು. ಊರು ಬೆಳೆದಂತೆ ನದಿಗೆ ಸಿಕ್ಕಿದ್ದು ಕೊಳಚೆ ಮತ್ತು ಕಾರ್ಖಾನೆಗಳ ತೊಳೆನೀರು. ಜಲಾನಯನವನ್ನು ಕಾಯಲೆಂದು ೨೦೦೩ರಲ್ಲಿ ಸರ್ಕಾರ ಅಧಿಸೂಚನೆ ಹೊರಡಿಸಿತು. ೨೦೧೯ರಲ್ಲಿ ಅದನ್ನು ಸಡಿಲಿಸಲೂ ಮುಂದಾಯಿತು. ಒಂದು ಹಂತದಲ್ಲಿ ತಿಪ್ಪಗೊಂಡನಹಳ್ಳಿಯ ನೀರನ್ನು ನಗರವೇ ಒಲ್ಲೆನೆಂದಿತು. ನಗರ ಒಲ್ಲದ ಅದೇ ನದಿ ಕೆಳಗೆ ಮಂಚನಬೆಲೆಯ ಕಡೆಗೆ ಹರಿಯುತ್ತದೆ. ಅಲ್ಲಿಯ ದನಕರುಗಳಿಗೆ, ಹೊಲಗಳಿಗೆ 'ಒಲ್ಲೆ' ಎನ್ನುವ ಅನುಕೂಲವಿಲ್ಲ. ಹಳ್ಳಿಯ ಸೊಬಗನ್ನು ಕೆಡಿಸುವುದು ಬೇಡವೆನ್ನುವ ನಾವು ಕೆಡಿಸಿ ಆಗಿದೆ.

ಈ ಕಾಡಿನ ಹಳೆಯ ಒಕ್ಕಲು ಇರುಳಿಗರು. ರಾಮನಗರ, ಮಾಗಡಿ, ಕನಕಪುರದ ಗುಡ್ಡಗಳಲ್ಲಿ ಜೇನು ಕಿತ್ತು, ಗೆಡ್ಡೆ ಅಗೆದು ಬಾಳಿದವರು. ಸರ್ಕಾರದ ಪಟ್ಟಿಯಲ್ಲಿ ಪರಿಶಿಷ್ಟ ಪಂಗಡ. ನಮ್ಮ ಮನೆಗಳಲ್ಲಿ ಮಜ್ಜಿಗೆಯನ್ನದ ಜೊತೆಗೆ ಚಪ್ಪರಿಸುವ ಮಾಗಳಿ ಬೇರಿನ ಉಪ್ಪಿನಕಾಯಿಯ ಬೇರು ಇಂಥ ಕಲ್ಲುಗಾಡಿನದು. ಕಾನೂನಿನ ಮೇಲೆ ಕಾನೂನು ಬಂದು ಕಾಡು 'ರಕ್ಷಿತ'ವಾದಾಗ, ತಲೆಮಾರುಗಳಿಂದ ಅಲ್ಲಿದ್ದವರು ಒತ್ತುವರಿದಾರರಾದರು. ಹೊರಬಿದ್ದವರಲ್ಲಿ ಎಷ್ಟೋ ಮಂದಿಗೆ ಸಿಕ್ಕಿದ್ದು ಕಲ್ಲುಗಣಿಯ ಕೂಲಿ, ಪರರ ತೋಟದ ಜೀತ.

ನನ್ನ ತರಗತಿಯಲ್ಲಿ ಇಂಥ ಒಂದು ದೊಡ್ಡಿಯ ಹುಡುಗನಿದ್ದ. 'ನನ್ನ ಊರು' ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಲು ಹೇಳಿದ್ದೆ. ಉಳಿದವರು ಅರಳಿಕಟ್ಟೆ, ಕೆರೆಕೋಡಿ, ಜಾತ್ರೆಗಳನ್ನು ಪುಟ ತುಂಬ ಬರೆದರು. ಇವನು ಬರೆದದ್ದು ಹನ್ನೊಂದು ಸಾಲು. ಊರಿಗೆ ದಾರಿಯಿಲ್ಲ, ದೀಪವಿಲ್ಲ, ಮಳೆಗಾಲದಲ್ಲಿ ತಾನು ಕಾಲೇಜಿಗೆ ಬರಲು ನೆಂಟರ ಕೊಟ್ಟಿಗೆಯಲ್ಲಿ ಮಲಗುತ್ತೇನೆ, ತಾತ ಹುಟ್ಟಿದ್ದು ಕಾಡಿನೊಳಗೆ, ಆದರೆ ಆ ಜಾಗಕ್ಕೆ ಹೋಗಲು ಈಗ ಅಪ್ಪಣೆ ಬೇಕು. ಇಷ್ಟೆ. ನಾನು ಅಂಚಿನಲ್ಲಿ ಕೆಂಪು ಶಾಯಿಯಿಂದ 'ವರ್ಣನೆ ಸಾಲದು' ಎಂದು ಬರೆದು ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ. ಮರುವರ್ಷ ಅವನು ಬರಲಿಲ್ಲ. ಬೇಕಾದ ಪ್ರಮಾಣಪತ್ರ ಸಕಾಲಕ್ಕೆ ಸಿಗದೆ ವಿದ್ಯಾರ್ಥಿವೇತನ ತಪ್ಪಿತ್ತೆಂದು ಆಮೇಲೆ ತಿಳಿಯಿತು. ಹೋದ ವರ್ಷ ಒಂದು ವಿಹಾರಧಾಮದ ಬಾಗಿಲಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದವನು ಓಡಿಬಂದು, "ಚೆನ್ನಾಗಿದೀರಾ ಸಾರ್? ನಮ್ಮೂರ ಕಡೆ ಬಂದ್ರಾ?" ಎಂದ. ಅವನ ಊರ ಕಡೆಗೆ ಬಂದಿದ್ದೆ ನಿಜ. ಅವನ ಊರಿಗೆ ಎಂದೂ ಹೋಗಿರಲಿಲ್ಲ.

ಈಗ ವಾದಕ್ಕೆ ಬರೋಣ. ನಮ್ಮ ಎದುರು ಎರಡು ಪಂಗಡಗಳಿವೆ. ಸೌಂದರ್ಯಪ್ರಿಯರು, ಈ ಜನ ಹೇಗಿದ್ದಾರೋ ಹಾಗೆಯೇ ಇರಲಿ ಎನ್ನುತ್ತಾರೆ. ವನ್ಯಪ್ರಿಯರು, ಇವರು ಅಲ್ಲಿ ಇರಲೇಬಾರದು, ಕಾಡು ಉಳಿಯಬೇಕಾದರೆ ಮನುಷ್ಯ ಹೊರಡಲಿ ಎನ್ನುತ್ತಾರೆ. ಮಾತು ಬೇರೆಯಾದರೂ ಇಬ್ಬರದೂ ಒಂದೇ ನಡತೆ: ಆ ಜನರನ್ನು ಯಾರೂ ಕೇಳುವುದಿಲ್ಲ. ಎರಡಕ್ಕೂ ಉತ್ತರ ೨೦೦೬ರ ಅರಣ್ಯ ಹಕ್ಕು ಕಾಯಿದೆಯಲ್ಲಿದೆ. ೨೦೦೫ರ ಡಿಸೆಂಬರ್ ೧೩ಕ್ಕೆ ಮುಂಚಿನಿಂದ ಕಾಡಿನಲ್ಲಿ ಸಾಗುವಳಿ ಮಾಡುತ್ತಿರುವ ಬುಡಕಟ್ಟಿನವರಿಗೆ ನಾಲ್ಕು ಹೆಕ್ಟೇರು ಮೀರದಂತೆ ಭೂಮಿಯ ಹಕ್ಕು. ಜೇನು, ಗೆಡ್ಡೆ, ಬಿದಿರುಗಳ ಒಡೆತನ. ಅನ್ಯಾಯವಾಗಿ ಒಕ್ಕಲೆಬ್ಬಿಸಲ್ಪಟ್ಟವರಿಗೆ ಪುನರ್ವಸತಿ. "ಕಾಡಿನಲ್ಲಿ ರಸ್ತೆಗೆ ಕಾನೂನು ಬಿಡುವುದಿಲ್ಲ" ಎಂಬ ಮಾತನ್ನು ನೂರು ಬಾರಿ ಕೇಳಿದ್ದೇವೆ. ಅದೇ ಕಾಯಿದೆಯ ಮೂರನೆಯ ಪ್ರಕರಣ, ಗ್ರಾಮಸಭೆ ಶಿಫಾರಸು ಮಾಡಿದರೆ, ಒಂದು ಹೆಕ್ಟೇರಿಗಿಂತ ಕಡಮೆ ಜಾಗದಲ್ಲಿ, ಹೆಕ್ಟೇರಿಗೆ ಎಪ್ಪತ್ತೈದು ಮರ ಮೀರದಂತೆ ಕಡಿದು, ಶಾಲೆ, ಅಂಗನವಾಡಿ, ಔಷಧಾಲಯ, ವಿದ್ಯುತ್ತು, ಕುಡಿಯುವ ನೀರು, ರಸ್ತೆಗಳನ್ನು ಮಾಡಲು ಅವಕಾಶ ಕೊಡುತ್ತದೆ. ಬಿಡದಿರುವುದು ಕಾನೂನಲ್ಲ.

ರಸ್ತೆ ಬಂದರೆ ಹಿಂದೆಯೇ ವಿಹಾರಧಾಮ ಬರುವುದೆಂದು ಕೆಲವರು ಹೆದರುತ್ತಾರೆ. ಈ ಹೆದರಿಕೆಯಲ್ಲಿ ನಿಜವುಂಟು. ಬಂದಿರುವುದನ್ನು ನಾನೇ ಕಂಡಿದ್ದೇನೆ. ಆದರೆ ಹಕ್ಕುಪತ್ರ ಇಲ್ಲದವನ ಊರಿಗೆ ಬಂದ ರಸ್ತೆ ಕೊಳ್ಳುವವನ ರಸ್ತೆಯಾಗುತ್ತದೆ. ಹಕ್ಕಿರುವ ಗ್ರಾಮಸಭೆ ಕೇಳಿ ಪಡೆದ ರಸ್ತೆಯಲ್ಲಿ ಬಸ್ಸು ಬರುತ್ತದೆ. ಆದ್ದರಿಂದ ಮೊದಲು ಹಕ್ಕು, ಆಮೇಲೆ ರಸ್ತೆ. ಕಾಡು ಹಾಳಾಗುವುದೆಂಬ ಆತಂಕಕ್ಕೆ ಬಿಳಿಗಿರಿರಂಗನ ಬೆಟ್ಟವನ್ನು ನೋಡಬಹುದು. ಅದು ಹುಲಿಧಾಮವಾದ ೨೦೧೧ರಲ್ಲೇ ಸೋಲಿಗರ ಇಪ್ಪತ್ತೈದು ಗ್ರಾಮಸಭೆಗಳಿಗೆ ಸಾಮೂಹಿಕ ಅರಣ್ಯ ಹಕ್ಕು ದೊರೆಯಿತು. ಅದರಿಂದಾಗಿ ಹುಲಿ ಕಾಡು ಬಿಟ್ಟು ಓಡಿಹೋಗಲಿಲ್ಲ.

ಕಾಡಿನವರೆಲ್ಲ ಕಾಡಿನಲ್ಲೇ ಇರಬೇಕೆಂದು ನನ್ನ ವಾದವಲ್ಲ. ಹೋಗುವವನು ಓದಿ ಹೋಗಲಿ. ಇರುವವನು ತನ್ನ ನೆಲದಲ್ಲಿ ತಲೆಯೆತ್ತಿ ಇರಲಿ. ಎರಡಕ್ಕೂ ದಾರಿಯಿರಬೇಕು, ಕಾರಿನ ಬಾಗಿಲು ತೆಗೆಯುವ ಕೆಲಸವೊಂದೇ ದಾರಿಯಾಗಬಾರದು. ಹಕ್ಕಿನ ಅರ್ಜಿಗಳನ್ನು ಧೂಳಿನಿಂದ ಎತ್ತುವಂತೆ, ಜಾತಿ ಪ್ರಮಾಣಪತ್ರವನ್ನು ಕಾಲೇಜು ತೆರೆಯುವ ಮುಂಚೆಯೇ ಕೊಡುವಂತೆ, ಅರ್ಕಾವತಿಗೆ ಬಿಡುವ ಕೊಳಚೆಯನ್ನು ಮೊದಲು ತೊಳೆಯುವಂತೆ ನಗರದ ನಾವೇ ಕೇಳಬೇಕು. ಏಕೆಂದರೆ ನಮ್ಮ ಮಾತು ಕಚೇರಿಗಳಲ್ಲಿ ನಡೆಯುತ್ತದೆ, ಅವರದು ನಡೆಯುತ್ತಿಲ್ಲ.

ಮುಂದಿನ ಗೋಷ್ಠಿಯನ್ನು ಆ ಹಿರಿಯರು ಆ ದೊಡ್ಡಿಯಲ್ಲೇ ನಡೆಸಲಿ, ನಾನೂ ಬರುತ್ತೇನೆ. ಕೊನೆಯ ಎರಡು ಮೈಲಿ ನಡೆಯಬೇಕಾದೀತು. ಆ ಹುಡುಗನ ಹನ್ನೊಂದು ಸಾಲುಗಳಲ್ಲಿ ವರ್ಣನೆ ಸಾಲದಾಗಿತ್ತೇ ಎಂಬುದನ್ನು ಅಲ್ಲಿಯೇ ತೀರ್ಮಾನಿಸೋಣ.