ಡಬ್ಬಿ ಖಾಲಿ ಬಂದ್ರೆ ಎಂತಾತು?

ನೆರೆಮನೆಯಿಂದ ಬಂದ ಪಾತ್ರೆ ಖಾಲಿ ವಾಪಸ್ ಕಳ್ಸಲಾಗ ಹೇಳಿ ನಮ್ಮ ಹೊನ್ನಾವರ, ಕುಮಟಾ ಬದಿಯ ರೂಢಿ. ಕ್ರಿಸ್‌ಮಸ್ಸಿಗೆ ಕ್ರಿಶ್ಚನ್ರ ಮನೆಯಿಂದ ಕುಸ್ವಾರ್ ಬತ್ತು, ಚೌತಿಗೆ ಇಲ್ಲಿಂದ ಚಕ್ಕುಲಿ ಹೋಗ್ತು. ಚೊಲೋದೇಯ. ಆದ್ರೆ ಅದು ಕೊಟ್ಟು-ತಗಂಬ ಲೆಕ್ಕ.

ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದು ಬೇರೆ: ಊಟಕ್ಕೆ ಕರೆಯುದಾದ್ರೆ ತಿರುಗಿ ಕರೆಯುವ ಸಿರಿವಂತರನ್ನಲ್ಲ, ಬಡವರನ್ನು ಕರೆಯವು. ಅವ್ಕೆ ತೀರ್ಸಲೆ ಆಗ್ತಿಲ್ಲೆ. ಅದರ ಫಲ ನೀತಿವಂತರು ಎದ್ದು ಬಪ್ಪ ದಿನ ಸಿಗ್ತು.

ಈಗ ನೋಡಿ, ಬಿಸ್ಲಲ್ಲಿ ಕುಮಟಾ ಈರುಳ್ಳಿ ಹೊತ್ಕಂಡು ಬಪ್ಪ ಹೆಂಗಸಿನ ಹತ್ರ ಹತ್ತು ರೂಪಾಯಿಗೂ ಚೌಕಾಸಿ ನೆಡೀತು. ಹಬ್ಬದ ಡಬ್ಬಿ ಮಾತ್ರ ಅವ್ಳ ಬುಟ್ಟಿಗೆ ಬೀಳ್ತಿಲ್ಲೆ. ಯನ್ನ ಅಭಿಪ್ರಾಯ, ಮೊದಲ್ನೇ ಡಬ್ಬಿ ಅವ್ಳಿಗೇ ಹೋಗವು. ಖಾಲಿ ಬರ್ಲಿ. ಮರುದಿನ ಅವ್ಳು ನಗ್ತಾ ಬಾಗ್ಲಿಗೆ ಬಂದ್ರೆ, ಈ ಲೋಕದ ಫಲ ಅಷ್ಟೇ ಸಾಕು.